ಎಡಬಲ ತಪ್ಪಿದ ಸಾಕ್ಷಿ

ಗೊರಗುಂಟೆಪಾಳ್ಯದ ಮನೆಗೆ ನಾವು ಬಂದು ವಾರವೂ ಕಳೆದಿರಲಿಲ್ಲ, ಮನೆಯ ಮಾಲೀಕರಾದ ಹನುಮಂತರಾಯಪ್ಪನವರು ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ನಮ್ಮ ಅಡುಗೆಮನೆಯ ತಪಾಸಣೆಗೆ ಬಂದರು.

ಆರೋಪಗಳು ಎರಡು. ಒಂದು, ಬೆಳಗ್ಗೆ ಆರಕ್ಕೆಲ್ಲ ನಮ್ಮ ಮನೆಯೊಳಗಿಂದ ‘ತಪ್ ತಪ್’ ಎಂದು ಸದ್ದು ಬರುತ್ತದೆ. ಎರಡು, ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಬಚ್ಚಲುಮನೆಯ ಕಿಂಡಿಯಲ್ಲಿ ಕೆಂಪು ಬೆಳಕು ಕಾಣುತ್ತದೆ. ಬಾಗಿಲು ತಟ್ಟಿದರೆ ಒಳಗಿರುವ ಗಂಡಸು ‘ಈಗ ತೆಗೀಲಿಕ್ಕೆ ಬರೂದಿಲ್ಲ’ ಎನ್ನುತ್ತಾನೆ.

“ನೋಡಿ ಕುಲ್ಕರ್ಣಿಯವ್ರೇ, ವಠಾರದಲ್ಲಿ ಮಕ್ಳು ಮರಿ ಇರೋರಿದ್ದಾರೆ. ಆ ಥರ ಪೂಜೆ ಗೀಜೆ ಏನಾದ್ರೂ ಇಟ್ಕೊಂಡಿದ್ರೆ ಈಗ್ಲೇ ಹೇಳ್ಬಿಡಿ,” ಎಂದರು ಮಾಲೀಕರು. ವಠಾರ ಎಂದರೆ ನಮ್ಮ ಗದಗಿನ ಕಡೆಯ ಚಾಳ. ಒಂದೇ ಅಂಗಳ, ಒಂದೇ ನಲ್ಲಿ, ಎಂಟು ಸಂಸಾರ ಮತ್ತು ಹದಿನಾರು ಕಿವಿಗಳಿಗಿಂತ ಹೆಚ್ಚು ಕಿವಿಗಳು.

ನನ್ನ ಹೆಂಡತಿ ಸುಶೀಲಾ ಜೋಳದ ಹಿಟ್ಟಿನ ಉಂಡೆಯೊಂದನ್ನು ಕೊಣಮಿಗೆಯೆಂಬ ಮರದ ಹರಿವಾಣದಲ್ಲಿಟ್ಟು ತಪ್ ತಪ್ ಎಂದು ಬಡಿದು, ಹೆಂಚಿಗೆ ಹಾಕಿ, ಸುಟ್ಟು, ಮೇಲೆ ಬೆಣ್ಣೆಯಿಟ್ಟು ಮೂವರಿಗೂ ಕೊಟ್ಟಳು. ತನಿಖಾಧಿಕಾರಿಗಳು ಸಾಕ್ಷ್ಯವನ್ನು ಪೂರ್ತಿ ತಿಂದರು. ಮೊದಲ ಆರೋಪ ಅಲ್ಲಿಗೇ ವಜಾ ಆಯಿತು. ಎರಡನೆಯದಕ್ಕೆ ನಾನು, ಫೋಟೋ ತೊಳೆಯುವಾಗ ಬಿಳಿ ಬೆಳಕು ಬಿದ್ದರೆ ಕಾಗದ ಕೆಟ್ಟುಹೋಗುತ್ತದೆ, ಕೆಂಪು ಬೆಳಕಿನಿಂದ ಅಪಾಯವಿಲ್ಲ ಎಂದು ವಿವರಿಸಿದೆ. ಹನುಮಂತರಾಯಪ್ಪನವರು ತಲೆಯಾಡಿಸಿದರು, ಆದರೆ ನಂಬಲಿಲ್ಲ. “ಫೋಟೋ ಅಂಗಡೀಲಿ ತೊಳೀತಾರೆ ಕಣ್ರೀ, ಬಚ್ಚಲಲ್ಲಿ ಯಾರು ತೊಳೀತಾರೆ?” ಎಂದು ಸಾಕ್ಷಿಗಳಿಗೆ ಹೇಳುತ್ತ ಮೆಟ್ಟಿಲಿಳಿದದ್ದು ನನಗೆ ಕೇಳಿಸಿತು.

ನಾನು ಹುಟ್ಟಿದ್ದು ಗದಗಿನ ಒಂದು ಫೋಟೋ ಸ್ಟುಡಿಯೋದ ಹಿಂಭಾಗದಲ್ಲಿ. ತಂದೆಯ ನಂತರ ಸ್ಟುಡಿಯೋ ಅಣ್ಣ ರಾಘಣ್ಣನಿಗೆ ಬಂತು. ನನಗೆ ಜಾಲಹಳ್ಳಿಯ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಛಾಯಾಗ್ರಾಹಕನ ನೌಕರಿ ಬಂತು. ಎಪ್ಪತ್ತರ ದಶಕದ ನಡುವಿನ ಮಾತು. ಗದಗಿನಲ್ಲಿ ಮದುಮಕ್ಕಳ ಫೋಟೋ ತೆಗೆಯುತ್ತಿದ್ದವನು ಇಲ್ಲಿ ಹಲ್ಲುಚಕ್ರಗಳ ಫೋಟೋ ತೆಗೆಯತೊಡಗಿದೆ. ಮದುಮಕ್ಕಳು ‘ಸ್ವಲ್ಪ ಬೆಳ್ಳಗ ಮಾಡ್ರಿ’ ಎನ್ನುತ್ತಿದ್ದರು. ಹಲ್ಲುಚಕ್ರಕ್ಕೆ ಅಂಥ ಆಸೆಗಳಿಲ್ಲ. ಅದೊಂದು ಸುಖ. ಉಳಿದಂತೆ, ಇಲ್ಲಿಯ ಸಾರಿನಲ್ಲಿ ಖಾರ ಹುಡುಕುವುದು, ರಾಗಿಮುದ್ದೆಯನ್ನು ಅಗಿಯದೆ ನುಂಗುವ ವಿದ್ಯೆ ಕಲಿಯುವುದು, ಯಶವಂತಪುರದ ಬಸ್ಸಿನಲ್ಲಿ ಕೂರಲು ಜಾಗ ಹಿಡಿಯುವುದು, ಇವೇ ನನ್ನ ಮೊದಲ ವರ್ಷಗಳ ದಿಗ್ವಿಜಯಗಳು. ಭಾನುವಾರಗಳು ಮಾತ್ರ ಕಷ್ಟ. ಗದಗಿನಲ್ಲಿ ಭಾನುವಾರ ಯಾರಾದರೂ ಸುಮ್ಮನೆ ಬರುತ್ತಾರೆ. ಇಲ್ಲಿ ಸುಮ್ಮನೆ ಬಂದವರನ್ನು ‘ಏನ್ ಬಂದಿದ್ದು?’ ಎಂದು ಕೇಳುತ್ತಾರೆ. ಕೇಳುವುದರಲ್ಲಿ ಕೆಟ್ಟದ್ದೇನಿಲ್ಲ, ಆದರೆ ಸುಮ್ಮನೆ ಬಂದವನ ಹತ್ತಿರ ಉತ್ತರವಿರುವುದಿಲ್ಲ.

ಅನುಮಾನಿಸುವುದು ಈ ಊರಿನ ಮುಖ್ಯ ನಾಗರಿಕ ಕರ್ತವ್ಯವೆಂದು ಮೊದಲೆರಡು ವರ್ಷಗಳಲ್ಲೇ ನನಗೆ ಮನವರಿಕೆಯಾಯಿತು. ಮೂರನೆಯ ವರ್ಷದ ಹೊತ್ತಿಗೆ ನಾನೂ ಅದನ್ನು ಶ್ರದ್ಧೆಯಿಂದ ನಿರ್ವಹಿಸತೊಡಗಿದ್ದೆ. ಹಾಲಿನವನು ನೀರು ಬೆರೆಸುತ್ತಾನೆಂದು, ಸಹೋದ್ಯೋಗಿಗಳು ನನ್ನ ಮಾತಿನ ಧಾಟಿಗೆ ಬೆನ್ನ ಹಿಂದೆ ನಗುತ್ತಾರೆಂದು, ಹನುಮಂತರಾಯಪ್ಪನವರು ಈಗಲೂ ಕಿಂಡಿಯತ್ತ ನೋಡುತ್ತಾರೆಂದು. ಇವುಗಳಲ್ಲಿ ಎರಡು ನಿಜವಿದ್ದವು.

ಹೀಗೆ ಪೂರ್ತಿ ತರಬೇತಾಗಿದ್ದ ಹೊತ್ತಿನಲ್ಲಿ ನನ್ನ ಪಾಲಿಗೆ ಶಾಮಣ್ಣನವರ ಪ್ರಕರಣ ಬಂತು.

ನಮ್ಮ ಕಾರ್ಖಾನೆಯ ನೌಕರರಿಗೊಂದು ಚಿತ್ರಸಮಾಜವಿತ್ತು. ತಿಂಗಳಿಗೊಮ್ಮೆ ಕ್ಯಾಂಟೀನಿನ ಗೋಡೆಗೆ ಬಿಳಿ ಪರದೆ ಕಟ್ಟಿ ಪರದೇಶದ ಸಿನಿಮಾ ತೋರಿಸುತ್ತಿದ್ದೆವು. ಕಾರ್ಯದರ್ಶಿ ಟೂಲ್ ರೂಮಿನ ಶ್ರೀಕಂಠಯ್ಯ. ಯಾವ ಮಾತನ್ನೂ ಠರಾವಿನ ಭಾಷೆಯಲ್ಲೇ ಆಡುವ ಮನುಷ್ಯ. ಆ ವರ್ಷ ಸಮಾಜದವರು ಭಾನುವಾರಗಳಂದು ಛಾಯಾಗ್ರಹಣದ ತರಗತಿ ನಡೆಸಬೇಕೆಂದು ತೀರ್ಮಾನಿಸಿದರು. ಗುರು ಯಾರು? ಸ್ವಾಭಾವಿಕವಾಗಿ ನಾನು ಎಂದು ನಾನು ಭಾವಿಸಿದ್ದೆ. ಸುಶೀಲಾಳಿಗೂ ಹೇಳಿಬಿಟ್ಟಿದ್ದೆ. ಖಾಲಿ ಭಾನುವಾರಗಳು ತುಂಬುತ್ತವೆ, ನಾಲ್ಕು ಜನ ‘ಮೇಷ್ಟ್ರೇ’ ಎನ್ನುತ್ತಾರೆ, ಕೊನೆಗೂ ಈ ಊರಿನಲ್ಲಿ ನನಗೊಂದು ಜಾಗ ಸಿಗುತ್ತದೆ.

ಆಗ ಶ್ರೀಕಂಠಯ್ಯ ಬಂದು ಹೇಳಿದರು: “ಕುಲ್ಕರ್ಣಿ, ಒಂದ್ ಸಮಾಚಾರ. ಯಲಹಂಕದಲ್ಲಿ ಶಾಮಣ್ಣ ಅಂತ ಒಬ್ರು ವಯಸ್ಸಾದೋರಿದ್ದಾರೆ. ಹಾಲಿವುಡ್‌ನಲ್ಲಿ ಮೂವತ್ತು ವರ್ಷ ಕ್ಯಾಮೆರಾಮನ್ ಆಗಿದ್ರಂತೆ. ತಾವಾಗೇ ಕಾಗದ ಬರೆದಿದ್ದಾರೆ, ತರಗತಿ ನಾನು ತಗೋತೀನಿ ಅಂತ.”

“ಯಲಹಂಕದವರು? ಹಾಲಿವುಡ್ಡಿನಾಗ?”

“ಅದಕ್ಕೇ ಕಣ್ರೀ. ಸಮಿತೀಲಿ ಅರ್ಧ ಜನಕ್ಕೆ ಅನುಮಾನ. ನಿಮ್ಗೆ ಕ್ಯಾಮೆರಾ ಗೊತ್ತು. ನೀವು ಹೋಗಿ ವಿಚಾರಿಸ್ಕೊಂಡು ವರದಿ ಕೊಡಿ. ನಿಜ ಅಂದ್ರೆ ಅವ್ರು. ಸುಳ್ಳು ಅಂದ್ರೆ,” ಎಂದು ಸ್ವಲ್ಪ ತಡೆದು, “ನೀವು.”

ನ್ಯಾಯಶಾಸ್ತ್ರ ಓದಿದವರು ಗಮನಿಸಬೇಕು. ತೀರ್ಪಿನಿಂದ ಲಾಭ ಪಡೆಯುವವನನ್ನೇ ನ್ಯಾಯಾಧೀಶನನ್ನಾಗಿ ನೇಮಿಸಲಾಗಿತ್ತು. ನಾನು ನೇಮಕವನ್ನು ವಿನಯದಿಂದ ಒಪ್ಪಿಕೊಂಡೆ.

ಯಲಹಂಕದ ಹಳೇ ಊರಿನಲ್ಲಿ, ಹೆಂಚಿನ ಮನೆಯ ಜಗುಲಿಯ ಮೇಲೆ ಶಾಮಣ್ಣನವರ ತಂಗಿ ಲಕ್ಕಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದರು. ನಾನು ಬಂದ ಕಾರಣ ಕೇಳಿ, ಅಣ್ಣನಿಗೆ ಕೇಳಿಸುವ ಹಾಗೆಯೇ ಹೇಳಿದರು: “ಅಮೇರಿಕನೋ ಏನೋ ಸ್ವಾಮಿ, ನಂಗೇನ್ ಗೊತ್ತು? ಬೊಂಬಾಯಿನಾಗೇ ಇದ್ದು ಇಂಗೆಲ್ಲ ಏಳ್ತಾನೆ ಅಂತ ನಮ್ಮಪ್ಪ ಸಾಯೋಗಂಟ ಅಂತಿದ್ದ.”

“ಇವಳು ನಂಬಿದ್ರೆ ನಂಗೇ ಅನುಮಾನ ಬರ್ತಿತ್ತು,” ಎನ್ನುತ್ತ ಶಾಮಣ್ಣ ಹೊರಗೆ ಬಂದರು. ಎಪ್ಪತ್ತು ದಾಟಿದ್ದ ಸಣಕಲು ದೇಹ, ಒಗೆದು ಮಡಿಸಿದ ಬಿಳಿ ಶರ್ಟು, ದಪ್ಪ ಗಾಜಿನ ಕನ್ನಡಕ. ಎರಡೂ ಕಣ್ಣು ಮಬ್ಬು. ನನ್ನ ಮುಖವನ್ನು ನೋಡದೆ, ಮುಖದ ಮೇಲೆ ಬಿದ್ದ ಬಿಸಿಲನ್ನು ನೋಡಿದರು. “ಈ ಕಡೆ ಬನ್ನಿ. ಅಲ್ಲಿ ನಿಂತ್ರೆ ನಿಮ್ ಕಣ್ಣು ಗುಂಡಿ ಥರ ಕಾಣತ್ತೆ.”

ಅವರು ಹೇಳಿದ ಚರಿತ್ರೆಯನ್ನು ನಾನು ಟಿಪ್ಪಣಿ ಮಾಡಿಕೊಂಡೆ. ಹತ್ತೊಂಬತ್ತನೆಯ ವಯಸ್ಸಿಗೆ ಬೊಂಬಾಯಿಯಿಂದ ಹಡಗು ಹತ್ತಿದ್ದು, ಓದುವುದಾಗಿ ಹೇಳಿ. ಕ್ಯಾಲಿಫೋರ್ನಿಯಾದಲ್ಲಿ ಓದಿಗಿಂತ ಮೊದಲು ಹಸಿವು ಬಂತು. ಫಿಲಂ ತೊಳೆಯುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಎರಡು ವರ್ಷ ಕತ್ತಲಲ್ಲಿ. ಬಳಿಕ ಒಂದು ಬಡ ಸ್ಟುಡಿಯೋದಲ್ಲಿ ಕ್ಯಾಮೆರಾ ಪೆಟ್ಟಿಗೆ ಹೊರುವ ಕೆಲಸ, ಆಮೇಲೆ ಸಹಾಯಕ, ಆಮೇಲೆ ಹನ್ನೆರಡು ವರ್ಷ ಕ್ಯಾಮೆರಾ ನಡೆಸುವವ. ಹೆಸರು ಹೇಳಲು ಬಾರದೆಂದು ಅವರನ್ನು ‘ಸ್ಯಾಮ್’ ಮಾಡಿದರು. ಮಾತಿನ ಚಿತ್ರ ಬಂದಾಗ ಕ್ಯಾಮೆರಾದ ಗರಗರ ಶಬ್ದ ಕೇಳಿಸಬಾರದೆಂದು ಕ್ಯಾಮೆರಾವನ್ನೂ ಸ್ಯಾಮನನ್ನೂ ಒಟ್ಟಿಗೆ ಮೆತ್ತೆ ಹೊಡೆದ ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿಯುತ್ತಿದ್ದರಂತೆ. “ನಮ್ಮೂರ ಸಂತೇಲಿ ಕೋಳಿ ಬುಟ್ಟಿ ಇರತ್ತಲ್ಲ, ಹಂಗೆ. ಶಾಟ್ ಮುಗಿಯೋ ಹೊತ್ಗೆ ಒಳಗೆ ಬೆಂದ್ಹೋಗ್ತಿದ್ದೆ.”

“ಪರದೆ ಮ್ಯಾಲ ನಿಮ್ಮ ಹೆಸರು ಬರ್ತಿತ್ತೇನು?”

“ದೊಡ್ಡವರದ್ದು ಬರ್ತಿತ್ತು. ನನ್ನದು ಕೊನೇಲಿ ಏಳು ಚಿತ್ರಕ್ಕೆ ಬಂತು. ಎಲ್ಲ ಕುದುರೆ ಓಡೋವು, ಗುಂಡು ಹಾರೋವು. ಹತ್ತು ದಿನದಲ್ಲಿ ಮುಗ್ಸೋ ಚಿತ್ರಗಳು. ಆ ಏಳೂ ಈಗ ಎಲ್ಲಿದ್ದಾವೋ ನಂಗೊತ್ತಿಲ್ಲ.”

ಅನುಕೂಲಕರ ಉತ್ತರ, ಎಂದು ನಾನು ಬರೆದುಕೊಂಡೆ. ನಮ್ಮವರನ್ನು ಅಲ್ಲಿಯ ಕಾನೂನು ಬಹುಕಾಲ ಪೌರರೆಂದು ಒಪ್ಪಲಿಲ್ಲವಂತೆ. ಒಪ್ಪುವ ಕಾಲ ಬಂದಾಗ ಇವರಿಗೆ ಅರ್ಜಿ ಬರೆಯುವ ಮನಸ್ಸೇ ಉಳಿದಿರಲಿಲ್ಲವಂತೆ. ಬಣ್ಣದ ಚಿತ್ರ ಬಂದು ಕಪ್ಪು ಬಿಳುಪಿನ ಕೆಲಸ ತೀರಿದ ಮೇಲೆ ಯಲಹಂಕಕ್ಕೆ ಹಿಂತಿರುಗಿದರು. ಒಂದು ಭಾವಚಿತ್ರ, ಒಂದು ಪತ್ರ, ಒಂದು ಬ್ಯಾಡ್ಜು? ಹಡಗಿನಲ್ಲಿ ಟ್ರಂಕು ಕಳೆದುಹೋಯಿತು. ಇನ್ನೂ ಅನುಕೂಲಕರ.

“ನೀವ್ಯಾಕ ಕ್ಲಾಸ್ ತಗೊಳ್ಳಬೇಕಂತೀರಿ?” ಎಂದು ಕೇಳಿದೆ.

ಶಾಮಣ್ಣ ಕನ್ನಡಕ ತೆಗೆದು ಒರೆಸಿದರು. “ಇನ್ನೊಂದ್ ವರ್ಷಕ್ಕೆ ಏನೂ ಕಾಣಲ್ಲ ಅಂದಿದ್ದಾರೆ ಡಾಕ್ಟ್ರು. ಬೆಳಕು ಹಾಕೋದು ನಂಗೆ ಗೊತ್ತು. ಇಲ್ಲಿಗೆ ಬಂದು ಇಷ್ಟ್ ವರ್ಷ ಆಯ್ತು, ಅದನ್ನ ಕೇಳೋರೇ ಸಿಗ್ಲಿಲ್ಲ. ಕಣ್ಣು ಹೋಗೋಕ್ ಮುಂಚೆ ಯಾರಿಗಾದ್ರೂ ಕೊಟ್ಬಿಡ್ಬೇಕು.”

ಮನಸ್ಸು ಒಂದು ಕ್ಷಣ ಮೆತ್ತಗಾಯಿತು. ತಕ್ಷಣ ಎಚ್ಚೆತ್ತುಕೊಂಡೆ. ಮೋಸಗಾರರು ಮೊದಲು ಮುಟ್ಟುವುದು ಅಲ್ಲಿಗೇ.

ತಮ್ಮ ಹೆಸರು ಬಾರದೆ ಅವರು ಕ್ಯಾಮೆರಾ ನಡೆಸಿದ ಚಿತ್ರಗಳಲ್ಲಿ ಒಂದರ ಹೆಸರು ನಮ್ಮ ಸಮಾಜಕ್ಕೆ ಫಿಲಂ ಪ್ರತಿ ಒದಗಿಸುತ್ತಿದ್ದ ಗ್ರಂಥಾಲಯದ ಪಟ್ಟಿಯಲ್ಲಿತ್ತು. ಹಳೆಯ ಕೊಲೆಯ ಕಥೆ. ನಾನು ಅದನ್ನು ತರಿಸಿ, ಕ್ಯಾಂಟೀನಿನಲ್ಲಿ ಒಬ್ಬನೇ ಕುಳಿತು ಮೂರು ಸಲ ನೋಡಿ ಹತ್ತು ಪ್ರಶ್ನೆಗಳನ್ನು ತಯಾರಿಸಿದೆ. ಸಾಲದ ಪ್ರೋನೋಟಿಗೂ ಯಾರೂ ಇಷ್ಟು ಎಚ್ಚರದಿಂದ ಒಕ್ಕಣೆ ಬರೆದಿರಲಾರರು. ಮುಂದಿನ ಭಾನುವಾರ ಯಲಹಂಕದ ಜಗುಲಿಯ ಮೇಲೆ ಪರೀಕ್ಷೆ ನಡೆಯಿತು.

“ಮನಿಯೊಳಗ ಮೆಟ್ಟಿಲು ಎಲ್ಲಿ ಬರ್ತದ?”

ಶಾಮಣ್ಣ ಕಣ್ಣು ಮುಚ್ಚಿದರು. “ಬಲಗಡೆ. ಹದಿನಾಲ್ಕು ಮೆಟ್ಲು. ಕಂಬಿಯ ನೆರಳು ಗೋಡೆ ಮೇಲೆ ಬೀಳ್ಬೇಕು ಅಂತ ದೀಪಾನ ನೆಲದಲ್ಲಿಟ್ಟಿದ್ವಿ.”

ಮೆಟ್ಟಿಲು ಹದಿನಾಲ್ಕೇ. ನೆರಳೂ ಇತ್ತು. ಆದರೆ ಚಿತ್ರದಲ್ಲಿ ಮೆಟ್ಟಿಲಿದ್ದದ್ದು ಎಡಗಡೆ.

“ವಿಧವೆ ಕಾಗದ ಸುಡೋ ಒಲಿ?”

“ಎಡಗಡೆ.” ಅದು ಬಲಗಡೆಯಿತ್ತು.

ಹೀಗೆ ಕಿಟಕಿ, ಗಡಿಯಾರ, ಕೊಲೆಗಾರ ಬಾಗಿಲಿಂದ ಬರುವ ಬದಿ. ದಿಕ್ಕು ಕೇಳಿದ ಏಳು ಪ್ರಶ್ನೆಗಳಲ್ಲಿ ಏಳೂ ತಪ್ಪು. ಉಳಿದ ಮೂರು ಸರಿ. ಯಾರೋ ಕಥೆ ಹೇಳಿದ್ದನ್ನು ಕೇಳಿ ಬಾಯಿಪಾಠ ಮಾಡಿದ್ದಾನೆ, ಮುದುಕ ಸಿಕ್ಕಿಬಿದ್ದ! ಬಸ್ಸಿನಲ್ಲಿ ಹೆಬ್ಬಾಳದ ಕೆರೆ ದಾಟುವಾಗ ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಪಕ್ಕದವನಿಗೆ ಕಿಟಕಿಯ ಜಾಗ ಬಿಟ್ಟುಕೊಟ್ಟೆ. ‘ಸದರಿ ವ್ಯಕ್ತಿಯ ಹೇಳಿಕೆ ವಿಶ್ವಾಸಾರ್ಹವಲ್ಲ’ ಎಂದು ವರದಿ ಬರೆದು, ಲಕೋಟೆಗೆ ಅರಗು ಹಚ್ಚಿ, ಶ್ರೀಕಂಠಯ್ಯನವರ ಕೈಗೆ ಕೊಟ್ಟೆ. ಶನಿವಾರ ಮಧ್ಯಾಹ್ನ ಸಮಿತಿ ಸೇರಬೇಕಿತ್ತು.

ಶನಿವಾರ ಬೆಳಗ್ಗೆ ಟೂಲ್ ರೂಮಿನವರೊಬ್ಬರ ನಿವೃತ್ತಿಯ ಗುಂಪುಚಿತ್ರವಿತ್ತು. ಇಂಥ ಕೆಲಸಕ್ಕೆ ನಮ್ಮಲ್ಲಿ ಹಳೆಯ ದೊಡ್ಡ ಪೆಟ್ಟಿಗೆ ಕ್ಯಾಮೆರಾ ಇತ್ತು. ಹಿಂದೆ ಒಂದು ಮಬ್ಬುಗಾಜು. ಕರಿಬಟ್ಟೆ ಹೊದ್ದು ನೋಡಿದರೆ ಎದುರಿನವರೆಲ್ಲ ಅದರ ಮೇಲೆ ತಲೆಕೆಳಗಾಗಿ, ಎಡದವರು ಬಲಕ್ಕೂ ಬಲದವರು ಎಡಕ್ಕೂ ಕಾಣುತ್ತಾರೆ. ನಾನು ಹಾಲುಹಲ್ಲಿನ ಕಾಲದಿಂದ ಅಂಥ ಗಾಜನ್ನು ನೋಡಿದವನು. ಆ ದಿನ ಮಾತ್ರ ಗೆಲುವಿನ ಅಮಲಿನಲ್ಲಿ ಬಟ್ಟೆಯೊಳಗಿಂದಲೇ ಕೂಗಿದೆ: “ಸಾಹೇಬ್ರು ಸ್ವಲ್ಪ ನನ್ನ ಎಡಕ್ಕ ಸರೀಬೇಕ್ರಿ!”

ಸಾಹೇಬರು ಸರಿದು ಗುಂಪಿನಿಂದಲೇ ಆಚೆ ಹೋದರು. ಎಲ್ಲರೂ ನಕ್ಕರು. “ಯಾವ್ ಎಡ ಕಣ್ರೀ ನಿಮ್ದು, ಗದಗಿಂದಾ?” ಎಂದರು ಶ್ರೀಕಂಠಯ್ಯ.

ನಾನು ಬಟ್ಟೆಯೊಳಗೇ ನಿಂತುಬಿಟ್ಟೆ.

ಟಾಕೀಸಿನ ಕುರ್ಚಿಯಲ್ಲಿ ಕುಳಿತು ನೋಡಿದವನಿಗೆ ಮೆಟ್ಟಿಲು ಎಡಕ್ಕೇ ಇರುತ್ತದೆ. ಕಥೆ ಕೇಳಿ ಸುಳ್ಳು ಹೇಳುವವನು ಏಳರಲ್ಲಿ ಮೂರ್ನಾಲ್ಕನ್ನಾದರೂ ಅದೃಷ್ಟದಿಂದ ಸರಿ ಹೇಳುತ್ತಾನೆ. ಏಳಕ್ಕೆ ಏಳನ್ನೂ ತಿರುವುಮುರುವಾಗಿ ಹೇಳಬಲ್ಲವನು ಒಬ್ಬನೇ: ಆ ಮನೆಯನ್ನು ಪರದೆಯ ಮೇಲೆ ನೋಡದೆ, ಹಳೆಯ ಸಿನಿಮಾ ಕ್ಯಾಮೆರಾದ ಇಂಥದೇ ಗಾಜಿನ ಮೇಲೆ ಮಾತ್ರ ನೋಡಿದವನು. ತಲೆಕೆಳಗಾಗಿ ಏಕೆ ನೆನಪಿಲ್ಲ ಎಂದು ಕೇಳಬಹುದು. ತಲೆ ಮೇಲಿರಬೇಕು, ಕಾಲು ಕೆಳಗಿರಬೇಕು ಎಂದು ಮನಸ್ಸಿಗೆ ಗೊತ್ತು. ಅದನ್ನು ತಾನೇ ತಿದ್ದಿಕೊಳ್ಳುತ್ತದೆ. ಮೆಟ್ಟಿಲು ಎಡಕ್ಕಿರಬೇಕೆಂದು ಅದಕ್ಕೆ ಯಾರು ಹೇಳಬೇಕು? ನನ್ನ ಸ್ವಂತ ನೆನಪಿನಲ್ಲೂ ನಮ್ಮ ಸ್ಟುಡಿಯೋದಲ್ಲಿ ಕೂತವರೆಲ್ಲ ಅದಲುಬದಲಾಗಿಯೇ ಇದ್ದಾರೆ. ಇದು ನನಗೆ ಗೊತ್ತಿದ್ದ ವಿಷಯ. ಗೊತ್ತಿರುವುದು ಬೇಡವಾಗಿತ್ತು, ಅಷ್ಟೇ.

ಬಟ್ಟೆಯಿಂದ ಹೊರಬಂದು ಲಕೋಟೆ ವಾಪಸು ಕೇಳಿದೆ.

“ಅರಗು ಹಾಕಿದ್ ಲಕೋಟೆ. ವಾಪಸ್ ಕೊಡೋಕೆ ನಿಯಮ ಇಲ್ಲ,” ಎಂದರು ಶ್ರೀಕಂಠಯ್ಯ. ವಿಷಯ ಹೇಳಿದೆ. ಅವರು ಮರುಪ್ರಶ್ನೆ ಹಾಕಿದರು: “ಅಂದ್ರೆ, ತಪ್ಪು ಹೇಳಿದ್ದಕ್ಕೇ ಅವ್ರು ಸತ್ಯವಂತರು ಅಂತೀರಾ?”

“ಹೌದ್ರಿ.”

“ಎಲ್ಲ ಸರಿ ಹೇಳಿದ್ರೆ?”

“ಸಿನಿಮಾ ನೋಡಿ ಬಂದಾರ ಅಂತ ಬರೀತಿದ್ದೆ.”

“ಹಂಗಾದ್ರೆ ಅವ್ರಿಗೆ ಗೆಲ್ಲೋ ದಾರೀನೇ ಇರ್ಲಿಲ್ಲ ಅನ್ನಿ.” ಶ್ರೀಕಂಠಯ್ಯ ಕೋಟಿನ ಜೇಬಿನಿಂದ ಲಕೋಟೆ ತೆಗೆದರು. “ತರಗತಿ ನಿಮ್ ಕೈ ತಪ್ಪತ್ತೆ, ಗೊತ್ತಲ್ಲ?”

ಗೊತ್ತಿತ್ತು. ಆ ಅರಗನ್ನು ಒಡೆದಷ್ಟು ಬೇಸರದಿಂದ ನಾನು ಇನ್ನೇನನ್ನೂ ಒಡೆದಿಲ್ಲ. ಮಧ್ಯಾಹ್ನದ ಸಮಿತಿಯ ಮುಂದೆ ಹೊಸ ವರದಿ ಓದಿದೆ. ಇಬ್ಬರು ನಂಬಿದರು, ಇಬ್ಬರು ನಂಬಲಿಲ್ಲ, ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದು ಅವರ ಮೇಲೆ ಪರಿಣಾಮ ಬೀರಿ ಅವರು ಶಾಮಣ್ಣನವರ ಪರ ಮತ ಹಾಕಿದರು.

ಸುದ್ದಿ ಹೇಳಲು ಹೋದಾಗ ಶಾಮಣ್ಣನವರಿಗೆ ಎಲ್ಲವನ್ನೂ ಒಪ್ಪಿಸಿದೆ, ನನ್ನ ಸ್ವಾರ್ಥವನ್ನೂ ಸೇರಿಸಿ. ಅವರು ಸಿಟ್ಟಾಗಲಿಲ್ಲ. “ಪರೀಕ್ಷೆ ಅಂತ ಗೊತ್ತಿತ್ತು. ಅಲ್ಲೂ ದಿನಾ ಇತ್ತು. ಮೂವತ್ತು ವರ್ಷ ಬೆಳಗ್ಗೆ ಗೇಟಲ್ಲಿ ನಿಲ್ಸಿ ಕೇಳ್ತಿದ್ರು, ನೀನು ಯಾರು, ಇಲ್ಲಿ ನಿನಗೇನ್ ಕೆಲ್ಸ ಅಂತ. ಇಲ್ಲಿಗೆ ಬಂದ್ರೆ ಅಲ್ಲಿದ್ದೆ ಅನ್ನೋದನ್ನೇ ನಂಬಲ್ಲ.”

“ಆ ಚಿತ್ರ ನೀವು ಟಾಕೀಸಿನ್ಯಾಗ ನೋಡ್ಲೇ ಇಲ್ಲೇನು?”

“ನಮ್ ಬಣ್ಣದೋರಿಗೆ ಬೇರೆ ಬಾಗ್ಲು, ಮೇಲ್ಗಡೆ ಬೆಂಚು. ನಾನು ಬೆಳಕು ಹಾಕಿದ್ ಚಿತ್ರಾನ ಕತ್ತಲಲ್ಲಿ ಕದ್ದು ಹತ್ತಿ ನೋಡ್ಬೇಕಾ? ಹೋಗ್ಲಿಲ್ಲ.” ಆಮೇಲೆ ಬೇರೆ ದನಿಯಲ್ಲಿ ಕೇಳಿದರು: “ಮೆಟ್ಲು ಎಡಗಡೇನಾ? ಚೆನ್ನಾಗ್ ಕಾಣತ್ತಾ?”

“ಭಾಳ ಛಲೋ ಕಾಣ್ತದ್ರಿ,” ಎಂದೆ. ಒಳಗಿನಿಂದ ಲಕ್ಕಮ್ಮ, “ಯಾರ್ ಮನೆ ಮೆಟ್ಲು ಅದು?” ಎಂದು ವಿಚಾರಿಸಿದರು.

ತರಗತಿ ಒಂದು ಮಳೆಗಾಲ, ಒಂದು ಚಳಿಗಾಲ ನಡೆಯಿತು. ಗುರುವಾಗಬೇಕಿದ್ದ ನಾನು ಮೊದಲ ಬೆಂಚಿನ ವಿದ್ಯಾರ್ಥಿಯಾದೆ. ಒಂದೇ ಬಲ್ಬು, ಒಂದು ರಟ್ಟು, ಕ್ಯಾಂಟೀನಿನ ಒಂದು ಕುರ್ಚಿ. ಅಷ್ಟರಿಂದ ಅವರು ಒಬ್ಬ ಮನುಷ್ಯನನ್ನು ಸಂತನನ್ನಾಗಿಯೂ ಕೊಲೆಗಾರನನ್ನಾಗಿಯೂ ಮಾಡಿ ತೋರಿಸುತ್ತಿದ್ದರು. “ಎಲ್ಲಿ ಬೆಳಕು ಬೇಕು ಅಂತ ಎಲ್ರಿಗೂ ಗೊತ್ತಿರತ್ತೆ ಕಣ್ರಪ್ಪಾ. ಎಲ್ಲಿ ಬೇಡ ಅಂತ ನೋಡಿ,” ಎನ್ನುತ್ತಿದ್ದರು. ಕಣ್ಣು ಪೂರ್ತಿ ಮಂಜಾದ ಮೇಲೂ, ಕೂತವನ ಕೆನ್ನೆಯ ಹತ್ತಿರ ಕೈಯ ಹಿಂಭಾಗ ಹಿಡಿದು, ದೀಪದ ಬಿಸಿಯಿಂದಲೇ ಅದರ ಜಾಗ ಹೇಳುತ್ತಿದ್ದರು. ಹೇಳಿದ್ದು ಸರಿ ಇರುತ್ತಿತ್ತು. ನಂಬದ ಇಬ್ಬರೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕಲಿತರು, ಅನುಮಾನವನ್ನು ಬಿಡದೆ.

ಕಳೆದ ಬೇಸಿಗೆಯಲ್ಲಿ ಗದಗಿಗೆ ಹೋದಾಗ ಇದನ್ನೆಲ್ಲ ರಾಘಣ್ಣನಿಗೆ ಹೇಳಿದೆ. ಅವನು ಸ್ಟುಡಿಯೋದ ಕಟ್ಟೆಯ ಮೇಲೆ ಕುಳಿತು ನೆಗೆಟಿವ್‌ಗಳನ್ನು ಪೆನ್ಸಿಲ್ಲಿನಿಂದ ತಿದ್ದುತ್ತ ಕೇಳಿದ. ಮುಗಿದ ಮೇಲೆ ಪೆನ್ಸಿಲ್ಲು ಕೆಳಗಿಟ್ಟ.

“ಮಬ್ಬುಗಾಜು ನಮ್ಮಲ್ಲೂ ಅದ. ಎಡಬಲ ನನಗೂ ತಪ್ಪತದ. ಹಂಗಂತ ನಾನೂ ಹಾಲಿವುಡ್ಡಿಗೆ ಹೋಗಿ ಬಂದೇನೇನು? ಯಾವುದೋ ಊರಾಗ ಫೋಟೋ ಅಂಗಡಿ ಇಟ್ಟಿದ್ದ ಮುದುಕ ಇರಬೇಕು ಅಂವ. ನಿನಗ ಟೊಪ್ಪಿಗಿ ಹಾಕ್ಯಾನ.”

ಇದು ನನಗೆ ಹೊಳೆದಿರಲಿಲ್ಲವೆಂದಲ್ಲ. ಹೊಳೆದಿತ್ತು, ಹದಿನಾಲ್ಕು ಮೆಟ್ಟಿಲು ಯಾವ ಫೋಟೋ ಅಂಗಡಿಯಲ್ಲಿ ಲೆಕ್ಕಕ್ಕೆ ಸಿಗುತ್ತದೆಂದು ನನಗೆ ನಾನೇ ವಾದಿಸಿಕೊಂಡು ಸುಮ್ಮನಾಗಿದ್ದೆ. ಅದನ್ನೇ ಅಣ್ಣನಿಗೂ ಹೇಳಬಹುದಿತ್ತು. ಅದರ ಬದಲು ಸಿಟ್ಟು ಬಂತು, ನನಗೇ ಆಶ್ಚರ್ಯವಾಗುವಷ್ಟು.

“ಬಾಯಿಗೆ ಬಂದಂಗ ಮಾತಾಡಬ್ಯಾಡ ರಾಘಣ್ಣ. ಅವ್ರು ನಮ್ಮೂರಿನ ಹಿರಿಯರು.”

ರಾಘಣ್ಣ ಕನ್ನಡಕದ ಮೇಲಿಂದ ನನ್ನನ್ನು ನೋಡಿದ.

“ಯಾವ ನಮ್ಮೂರು?” ಎಂದ.

ಹೊರಗೆ ಯಾರೋ ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕೆಂದು ಬಂದು ನಿಂತಿದ್ದರು. ಅಣ್ಣ ಏಳಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದ. ಅಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದ ಕೇಳಿದರು: “ನಾಳೆ ಸಂಜಿಗೆ ಹೋಳಿಗಿ ಮಾಡೂದದ. ಇರ್ತೀರಲ್ಲ?”

“ಇಲ್ಲ ವೈನಿ,” ಎಂದೆ. “ನಾಳೆ ಊರಿಗ್ ಹೋಗ್ಬೇಕು.”